ಗೆರೆಯ ಆಚೀಚೆ ಬಿದ್ದ ಚುಕ್ಕಿಗಳು

(ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ಗಣಿತ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಹಲಗೆಯ ಮೇಲೆ ಬರೆದ ಚಿತ್ರಗಳನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಶಿಕ್ಷಕ ಬಂಧುಗಳೇ,

"ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬ ಗಾದೆ ನಿಮಗೆಲ್ಲ ಗೊತ್ತಿದೆ. ಗಣಿತದ ಕಣ್ಣಿನಿಂದ ನೋಡಿದರೆ ಇದು ಎರಡು ಪರಿಮಾಣಗಳ ಬಗ್ಗೆ ಹೇಳಿದ ಮಾತು. ಮೇ ತಿಂಗಳ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ಬೀಳುವ ಮಳೆ ಒಂದು, ಆ ವರ್ಷ ಕೈಗೆ ಬರುವ ಜೋಳದ ಬೆಳೆ ಇನ್ನೊಂದು. ಮೊದಲನೆಯದು ಹೆಚ್ಚಿದಾಗ ಎರಡನೆಯದೂ ಹೆಚ್ಚುತ್ತದೆ ಎಂದು ಗಾದೆ ಹೇಳುತ್ತದೆ. ಎಷ್ಟು ಹೆಚ್ಚಿದರೆ ಎಷ್ಟು ಹೆಚ್ಚುತ್ತದೆ, ಈ ಮಾತು ಎಷ್ಟು ವರ್ಷ ನಿಜವಾಯಿತು, ಎಷ್ಟು ವರ್ಷ ಹುಸಿಯಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಹೇಳುವುದು ಗಾದೆಯ ಕೆಲಸವೂ ಅಲ್ಲ. ಆ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಹಲಗೆಯ ಮೇಲೆ ಎರಡು ಅಕ್ಷಗಳನ್ನು ಎಳೆದು, ಅಡ್ಡ ಅಕ್ಷದಲ್ಲಿ ರೋಹಿಣಿ ಮಳೆಯನ್ನು ಮಿಲಿಮೀಟರಿನಲ್ಲಿ, ಲಂಬ ಅಕ್ಷದಲ್ಲಿ ಜೋಳದ ಇಳುವರಿಯನ್ನು ಎಕರೆಗೆ ಕ್ವಿಂಟಾಲಿನ ಲೆಕ್ಕದಲ್ಲಿ ಗುರುತಿಸಿ, ಒಂದೊಂದು ವರ್ಷಕ್ಕೆ ಒಂದೊಂದು ಚುಕ್ಕಿ ಇಡಬೇಕು. ಸ್ಕ್ಯಾಟರ್ ಗ್ರಾಫ್ ಎಂದು ನಾವು ಕರೆಯುವ ಚದುರು ನಕ್ಷೆ ಎಂದರೆ ಇಷ್ಟೇ.

ಚುಕ್ಕಿ ರಂಗೋಲಿಯಲ್ಲಿ ಮುಂದೆ ಬರಲಿರುವ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಚುಕ್ಕಿಗಳನ್ನು ಇಡುತ್ತೇವೆ. ಚದುರು ನಕ್ಷೆಯಲ್ಲಿ ಹಾಗಲ್ಲ. ಇಲ್ಲಿ ಚುಕ್ಕಿಗಳು ಬೀಳಬೇಕಾದಲ್ಲಿ ಬಿದ್ದಾಗಿರುತ್ತದೆ. ಗೆರೆಯೇ ಅವುಗಳಿಗೆ ಹೊಂದಿಕೊಳ್ಳಬೇಕು. ನಮ್ಮ ತರಗತಿಗಳಲ್ಲಿ ಆಗುವುದೇನೆಂದರೆ, ಗೆರೆ ಎಳೆದು, ಎರಡು ಪರಿಮಾಣಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂದು ಹೇಳುವ ಸಹಸಂಬಂಧ ಗುಣಾಂಕವನ್ನು ಲೆಕ್ಕ ಹಾಕಿ, ಉತ್ತರದ ಕೆಳಗೆ ಎರಡು ಅಡ್ಡಗೆರೆ ಹಾಕಿದ ಕೂಡಲೇ ಚುಕ್ಕಿಗಳನ್ನು ಮರೆತುಬಿಡುತ್ತೇವೆ. ಅವು ಗೆರೆಯಿಂದ ಎಷ್ಟು ದೂರ, ಯಾವ ಕಡೆಗೆ, ಏಕೆ ಬಿದ್ದಿವೆ ಎಂಬುದು ಗೆರೆಯಷ್ಟೇ ಬೆಲೆಯುಳ್ಳ ಮಾಹಿತಿ ಎಂದು ನಾನು ನಂಬಿದ್ದೇನೆ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಮಾತಿನ ವಿವರಣೆಯೇ.

ಮೊದಲು ಗೆರೆಯ ವಿಷಯ. ತರಗತಿಯಲ್ಲಿ ಯಾವ ಖರ್ಚೂ ಇಲ್ಲದೆ ಮಾಡಬಹುದಾದ ಅಳತೆ ಎಂದರೆ ಮಕ್ಕಳ ಪಾದದ ಉದ್ದ ಮತ್ತು ಎತ್ತರ. ಲೆಕ್ಕ ಸುಲಭವಾಗಲೆಂದು ಐದು ಮಕ್ಕಳ ಅಳತೆಗಳನ್ನು ನಾನೇ ಕಲ್ಪಿಸಿಕೊಂಡಿದ್ದೇನೆ. ಪಾದದ ಉದ್ದ ಕ್ರಮವಾಗಿ 20, 21, 22, 23, 24 ಸೆಂಟಿಮೀಟರ್. ಎತ್ತರ 128, 136, 135, 147, 149 ಸೆಂಟಿಮೀಟರ್. ಐದು ಚುಕ್ಕಿಗಳನ್ನು ಇಟ್ಟ ಮೇಲೆ ಮಕ್ಕಳ ಕೈಗೆ ಒಂದು ದಾರ ಕೊಟ್ಟು, ಅದನ್ನು ಬಿಗಿಯಾಗಿ ಹಿಡಿದು ಚುಕ್ಕಿಗಳ ನಡುವೆ ಸರಿಹೊಂದುವಂತೆ ಇಡಲು ಹೇಳಿ. ಪ್ರತಿ ಮಗುವೂ ದಾರವನ್ನು ಸ್ವಲ್ಪ ಬೇರೆ ಬೇರೆಯಾಗಿಯೇ ಇಡುತ್ತದೆ. ಯಾರದು ಹೆಚ್ಚು ಸರಿ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಅಳತೆಗೋಲು ಬೇಕು ಎಂದು ಅವರಿಗೇ ಅನ್ನಿಸಿದ ಮೇಲೆ ಸೂತ್ರ ಹೇಳಿಕೊಟ್ಟರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಆ ಅಳತೆಗೋಲು ಹೀಗಿದೆ: ಪ್ರತಿ ಚುಕ್ಕಿಯಿಂದ ಗೆರೆಯವರೆಗೆ ನೇರವಾಗಿ ಮೇಲಕ್ಕೆ ಅಥವಾ ಕೆಳಕ್ಕೆ ಇರುವ ದೂರವನ್ನು ಅಳೆಯಿರಿ, ಅದಕ್ಕೆ ಉಳಿಕೆ ಎನ್ನೋಣ. ಎಲ್ಲ ಉಳಿಕೆಗಳನ್ನೂ ವರ್ಗ ಮಾಡಿ ಕೂಡಿಸಿ. ಆ ಮೊತ್ತ ಯಾವ ಗೆರೆಗೆ ಎಲ್ಲಕ್ಕಿಂತ ಕಡಿಮೆಯೋ ಅದೇ ಅತ್ಯುತ್ತಮ ಹೊಂದಾಣಿಕೆಯ ರೇಖೆ. ಧೂಮಕೇತುಗಳ ಕಕ್ಷೆಯನ್ನು ಕಂಡುಹಿಡಿಯುವ ಸಲುವಾಗಿ ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಈ ಕನಿಷ್ಠ ವರ್ಗಗಳ ವಿಧಾನವನ್ನು ಪ್ರಕಟಿಸಿದರು; 1809ರಲ್ಲಿ ಜರ್ಮನಿಯ ಗೌಸ್ ತಾವು ಇದನ್ನು 1795ರಿಂದಲೇ ಬಳಸುತ್ತಿರುವುದಾಗಿ ಬರೆದಾಗ ಇಬ್ಬರ ನಡುವೆ ಮನಸ್ತಾಪವೂ ಆಯಿತು. ನಮ್ಮ ಐದು ಮಕ್ಕಳ ಲೆಕ್ಕಕ್ಕೆ ಬಂದರೆ, ಪಾದದ ಸರಾಸರಿ 22, ಎತ್ತರದ ಸರಾಸರಿ 139. ಗೆರೆ ಈ ಸರಾಸರಿ ಬಿಂದುವಿನ ಮೂಲಕ ಹಾದುಹೋಗಲೇಬೇಕು. ಇಳಿಜಾರನ್ನು ಲೆಕ್ಕ ಹಾಕಿದರೆ 5.3 ಬರುತ್ತದೆ, ಎಂದರೆ, ಪಾದ ಒಂದು ಸೆಂಟಿಮೀಟರ್ ಹೆಚ್ಚು ಉದ್ದವಿರುವ ಮಕ್ಕಳು ಸರಾಸರಿಯಲ್ಲಿ 5.3 ಸೆಂಟಿಮೀಟರ್ ಹೆಚ್ಚು ಎತ್ತರವಿರುತ್ತಾರೆ. ಚುಕ್ಕಿ ಗೆರೆಗಿಂತ ಮೇಲಿದ್ದರೆ ಧನ, ಕೆಳಗಿದ್ದರೆ ಋಣ ಎಂದು ಬರೆದರೆ ಉಳಿಕೆಗಳು ಕ್ರಮವಾಗಿ −0.4, 2.3, −4, 2.7, −0.6. ಇವನ್ನು ಕೂಡಿಸಿದರೆ ಸೊನ್ನೆ ಬರುತ್ತದೆ. ಬರೀ ಮೊತ್ತ ಸಾಲದು, ವರ್ಗ ಮಾಡಲೇಬೇಕು ಎಂಬುದು ಇದರಿಂದ ಮಕ್ಕಳಿಗೆ ಸ್ಪಷ್ಟವಾಗುತ್ತದೆ. ವರ್ಗ ಮಾಡುವುದರಿಂದ ಇನ್ನೊಂದು ಪರಿಣಾಮವೂ ಇದೆ: ಎರಡು ಪಟ್ಟು ದೂರದ ಚುಕ್ಕಿ ನಾಲ್ಕು ಪಟ್ಟು ತೂಗುತ್ತದೆ. ಹೀಗಾಗಿ ದೂರ ಬಿದ್ದ ಒಂದೇ ಒಂದು ಚುಕ್ಕಿ ಇಡೀ ಗೆರೆಯನ್ನು ತನ್ನ ಕಡೆಗೆ ಎಳೆದುಕೊಳ್ಳಬಲ್ಲದು.

ಇದೇ ಗೆರೆಯನ್ನು ಎಡಕ್ಕೆ ಬೆಳೆಸುತ್ತ ಹೋದರೆ ಪಾದವೇ ಇಲ್ಲದ ಮಗುವಿಗೆ 22.4 ಸೆಂಟಿಮೀಟರ್ ಎತ್ತರ ಸಿಗುತ್ತದೆ. ಆಗ ತಾನೇ ಹುಟ್ಟಿದ ಕೂಸಿನ ಪಾದ ಸುಮಾರು 8 ಸೆಂಟಿಮೀಟರ್ ಇರುತ್ತದೆ. ನಮ್ಮ ಗೆರೆಯ ಪ್ರಕಾರ ಆ ಕೂಸು 65 ಸೆಂಟಿಮೀಟರಿನಷ್ಟು ಉದ್ದವಿರಬೇಕು, ನಿಜದಲ್ಲಿ 50ರ ಆಸುಪಾಸಿನಲ್ಲಿರುತ್ತದೆ. 20ರಿಂದ 24ರವರೆಗಿನ ಚುಕ್ಕಿಗಳಿಂದ ಹುಟ್ಟಿದ ಗೆರೆಗೆ ಆ ಗಡಿಯ ಹೊರಗೆ ಮಾತನಾಡುವ ಅಧಿಕಾರವಿಲ್ಲ.

ಇನ್ನು ಸಹಸಂಬಂಧ ಗುಣಾಂಕ. ಇಳಿಜಾರು ಮತ್ತು ಸಹಸಂಬಂಧ ಒಂದೇ ಎಂದು ಭಾವಿಸುವ ತಪ್ಪನ್ನು ನಾನು ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಇಳಿಜಾರಿಗೆ ಮಾನವಿದೆ, ಎತ್ತರವನ್ನು ಸೆಂಟಿಮೀಟರಿನ ಬದಲು ಅಡಿಯಲ್ಲಿ ಅಳೆದರೆ 5.3 ಎಂಬ ಸಂಖ್ಯೆ ಬದಲಾಗುತ್ತದೆ. ಸಹಸಂಬಂಧಕ್ಕೆ ಮಾನವಿಲ್ಲ; ಅದು −1ರಿಂದ +1ರವರೆಗಿನ ಬರಿಯ ಸಂಖ್ಯೆ, ಯಾವ ಅಳತೆಪಟ್ಟಿಯಲ್ಲಿ ಅಳೆದರೂ ಅಷ್ಟೇ ಇರುತ್ತದೆ. ಗೆರೆ ಎಷ್ಟು ಕಡಿದಾಗಿದೆ ಎಂಬುದನ್ನು ಇಳಿಜಾರು ಹೇಳಿದರೆ, ಚುಕ್ಕಿಗಳು ಗೆರೆಗೆ ಎಷ್ಟು ಅಂಟಿಕೊಂಡಿವೆ ಎಂಬುದನ್ನು ಸಹಸಂಬಂಧ ಹೇಳುತ್ತದೆ. ನಮ್ಮ ಮಕ್ಕಳ ಉದಾಹರಣೆಯಲ್ಲಿ ಅದು 0.95. ಅದರ ವರ್ಗ ಸುಮಾರು 0.91, ಎಂದರೆ ಎತ್ತರಗಳಲ್ಲಿ ಕಾಣುವ ಏರಿಳಿತದ ವರ್ಗಮೊತ್ತದಲ್ಲಿ ನೂರಕ್ಕೆ 91 ಪಾಲನ್ನು ಗೆರೆ ಹಿಡಿದುಕೊಂಡಿದೆ, 9 ಪಾಲು ಉಳಿಕೆಗಳಲ್ಲಿ ಉಳಿದಿದೆ. ಸಹಸಂಬಂಧ 0.5 ಎಂದರೆ ಅರ್ಧ ಗೊತ್ತಾಯಿತು ಎಂದು ಕೆಲವರು ತಿಳಿಯುತ್ತಾರೆ. ವರ್ಗ ಮಾಡಿ ನೋಡಿ, ಗೆರೆಯ ಪಾಲಿಗೆ ಬಂದದ್ದು ಕಾಲು ಭಾಗ ಮಾತ್ರ.

ಆ ಒಂದು ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಫ್ರಾನ್ಸಿಸ್ ಆನ್ಸ್‌ಕೊಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು 1973ರಲ್ಲಿ ನಾಲ್ಕು ಚಿಕ್ಕ ಕೋಷ್ಟಕಗಳಿಂದ ತೋರಿಸಿಕೊಟ್ಟರು. ಪ್ರತಿ ಕೋಷ್ಟಕದಲ್ಲಿಯೂ ಹನ್ನೊಂದು ಚುಕ್ಕಿಗಳು. ನಾಲ್ಕರಲ್ಲಿಯೂ ಅಡ್ಡ ಅಕ್ಷದ ಸರಾಸರಿ 9, ಲಂಬ ಅಕ್ಷದ ಸರಾಸರಿ 7.5, ನಾಲ್ಕಕ್ಕೂ ಗೆರೆ ಒಂದೇ, ಇಳಿಜಾರು 0.5, ಲಂಬ ಅಕ್ಷವನ್ನು ಕಡಿಯುವುದು 3ರಲ್ಲಿ. ನಾಲ್ಕರ ಸಹಸಂಬಂಧವೂ ಸುಮಾರು 0.82. ಸಂಖ್ಯೆಗಳನ್ನು ಮಾತ್ರ ನೋಡಿದವರಿಗೆ ನಾಲ್ಕೂ ಒಂದೇ ಕಥೆ. ಚುಕ್ಕಿಗಳನ್ನು ಇಟ್ಟು ನೋಡಿದಾಗ ಮೊದಲನೆಯದು ಗೆರೆಯ ಸುತ್ತ ಹರಡಿದ ಸಾಧಾರಣ ಮೋಡ. ಎರಡನೆಯದು ನೇರ ಗೆರೆಯೇ ಅಲ್ಲ, ಎಸೆದ ಕಲ್ಲಿನ ಹಾದಿಯಂತೆ ಬಾಗಿದ ವಕ್ರ ರೇಖೆ. ಮೂರನೆಯದರಲ್ಲಿ ಹತ್ತು ಚುಕ್ಕಿಗಳು ಕರಾರುವಾಕ್ಕಾಗಿ ಒಂದು ಗೆರೆಯ ಮೇಲಿದ್ದು, ಹೊರಬಿದ್ದ ಒಂದೇ ಚುಕ್ಕಿ ಲೆಕ್ಕದ ಗೆರೆಯನ್ನು ಅವುಗಳಿಂದ ಬೇರೆಡೆಗೆ ತಿರುಗಿಸಿದೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿಗಳು ಒಂದರ ಮೇಲೊಂದು ಕಂಬದಂತೆ ನಿಂತಿದ್ದು, ದೂರದ ಹನ್ನೊಂದನೆಯದನ್ನು ತೆಗೆದರೆ ಗೆರೆ ಎಳೆಯುವುದೇ ಸಾಧ್ಯವಿಲ್ಲ. ಈ ನಾಲ್ಕು ಚಿತ್ರಗಳನ್ನು ಮಕ್ಕಳ ಕೈಯಿಂದಲೇ ಗ್ರಾಫ್ ಹಾಳೆಯಲ್ಲಿ ಬರೆಸಿ ಎಂದು ನಾನು ವಿನಂತಿಸುತ್ತೇನೆ. ಅರ್ಧ ಗಂಟೆ ಹಿಡಿಯುತ್ತದೆ. ಆದರೆ ಹಾಗೆ ಬರೆದ ಮಗು ಚುಕ್ಕಿಗಳನ್ನು ನೋಡದೆ ಗುಣಾಂಕವನ್ನು ಒಪ್ಪುವುದಿಲ್ಲ.

ಗೆರೆಗೆ ರಿಗ್ರೆಷನ್ ರೇಖೆ ಎಂಬ ಹೆಸರು ಏಕೆ ಬಂತು? ರಿಗ್ರೆಷನ್ ಎಂದರೆ ಹಿಂದಕ್ಕೆ ಮರಳುವುದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ಕುಟುಂಬಗಳ 928 ಬೆಳೆದ ಮಕ್ಕಳ ಎತ್ತರವನ್ನು ತಂದೆತಾಯಿಯರ ಎತ್ತರದೊಂದಿಗೆ ಹೋಲಿಸಿದರು. ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರ ಅಳತೆಗೆ ತಂದು, ತಂದೆತಾಯಿಯರಿಬ್ಬರ ಸರಾಸರಿ ತೆಗೆದುಕೊಂಡು ಲೆಕ್ಕ ಹಾಕಿದಾಗ ಅವರಿಗೆ ಸಿಕ್ಕ ಇಳಿಜಾರು ಮೂರರಲ್ಲಿ ಎರಡು ಪಾಲು. ಅಂದರೆ, ತಂದೆತಾಯಿ ಸರಾಸರಿಗಿಂತ 9 ಸೆಂಟಿಮೀಟರ್ ಎತ್ತರವಿದ್ದರೆ ಮಕ್ಕಳು ಸರಾಸರಿಗಿಂತ 6 ಸೆಂಟಿಮೀಟರ್ ಎತ್ತರವಿರುತ್ತಾರೆಂದು ನಿರೀಕ್ಷಿಸಬೇಕು. ಕುಳ್ಳಗಿರುವವರ ಮಕ್ಕಳೂ ಹಾಗೆಯೇ ಸರಾಸರಿಯ ಕಡೆಗೆ ಮರಳುತ್ತಾರೆ. ಹಾಗಿದ್ದರೆ ಕೆಲವು ತಲೆಮಾರುಗಳಲ್ಲಿ ಎಲ್ಲರೂ ಒಂದೇ ಎತ್ತರಕ್ಕೆ ಬರಬೇಕಲ್ಲವೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಅದು ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಚುಕ್ಕಿಗಳಲ್ಲಿದೆ. ಗೆರೆ ಹೇಳುವುದು ಸರಾಸರಿಯನ್ನು. ಒಬ್ಬೊಬ್ಬ ಮಗುವೂ ಆ ಗೆರೆಯ ಮೇಲೆ ಅಥವಾ ಕೆಳಗೆ ಬೀಳುತ್ತದೆ. ಗೆರೆ ಕಿರಿದುಗೊಳಿಸಿದ ವೈವಿಧ್ಯವನ್ನು ಆ ಉಳಿಕೆಗಳು ಪ್ರತಿ ತಲೆಮಾರಿನಲ್ಲಿಯೂ ತುಂಬಿಕೊಡುತ್ತವೆ. ಗೆರೆಯನ್ನು ಮಾತ್ರ ಇಟ್ಟುಕೊಂಡು ಚುಕ್ಕಿಗಳನ್ನು ಒರೆಸಿದರೆ ಜಗತ್ತಿನ ತಪ್ಪು ಚಿತ್ರ ಸಿಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮನುಷ್ಯರ ತಳಿಯನ್ನು ಆಯ್ಕೆಯಿಂದ ಉತ್ತಮಗೊಳಿಸಬೇಕೆಂಬ ವಾದಕ್ಕೆ 1883ರಲ್ಲಿ ಯೂಜೆನಿಕ್ಸ್ ಎಂಬ ಹೆಸರಿಟ್ಟವರು ಇದೇ ಗಾಲ್ಟನ್. ನಾವು ಇಂದು ಬಳಸುವ ಗುಣಾಂಕದ ಸೂತ್ರವನ್ನು 1896ರಲ್ಲಿ ಕೊಟ್ಟ ಕಾರ್ಲ್ ಪಿಯರ್ಸನ್ ಕೂಡ ಅದೇ ವಾದದವರು. ಆ ವಾದ ಮುಂದೆ ಅನೇಕ ದೇಶಗಳಲ್ಲಿ ಘೋರ ಅನ್ಯಾಯಕ್ಕೆ ನೆಪವಾಯಿತು. ಸೂತ್ರವನ್ನು ಕಲಿಸುವಾಗ ಈ ಇತಿಹಾಸವನ್ನೂ ಮಕ್ಕಳಿಗೆ ಹೇಳಬೇಕು.

ಸರಾಸರಿಗೆ ಮರಳುವ ಈ ಗುಣ ಶಿಕ್ಷಕರಾದ ನಮ್ಮನ್ನು ಮೋಸಗೊಳಿಸುವ ಬಗೆಯೊಂದಿದೆ. ತರಗತಿಯ ಸರಾಸರಿ 50 ಅಂಕ, ಮೊದಲ ಕಿರುಪರೀಕ್ಷೆಗೂ ಎರಡನೆಯದಕ್ಕೂ ಸಹಸಂಬಂಧ 0.6, ಎರಡರಲ್ಲೂ ಅಂಕಗಳ ಹರವು ಒಂದೇ ಎಂದಿಟ್ಟುಕೊಳ್ಳಿ. ಮೊದಲ ಪರೀಕ್ಷೆಯಲ್ಲಿ 30 ಅಂಕ ಪಡೆದ ಮಕ್ಕಳು ಎರಡನೆಯದರಲ್ಲಿ ಸರಾಸರಿ 38ಕ್ಕೆ ಏರುತ್ತಾರೆ. 70 ಪಡೆದವರು 62ಕ್ಕೆ ಇಳಿಯುತ್ತಾರೆ. ನಾವು ಏನೂ ಮಾಡದಿದ್ದರೂ ಹೀಗಾಗುತ್ತದೆ, ಏಕೆಂದರೆ ಮೊದಲ ದಿನದ ತೀರಾ ಕಡಿಮೆ ಅಂಕದಲ್ಲಿ ಆ ದಿನದ ಜ್ವರ, ಓದದೆ ಬಿಟ್ಟ ಪಾಠದಿಂದಲೇ ಬಂದ ಪ್ರಶ್ನೆ ಇವೆಲ್ಲ ಸೇರಿಕೊಂಡಿರುತ್ತವೆ, ಅವು ಎರಡನೆಯ ದಿನವೂ ಹಾಗೇ ಸೇರುವುದಿಲ್ಲ. ಆದರೆ ನಾವು 30 ಪಡೆದವನನ್ನು ಗದರಿಸಿರುತ್ತೇವೆ, 70 ಪಡೆದವಳನ್ನು ಹೊಗಳಿರುತ್ತೇವೆ. ಮುಂದಿನ ಅಂಕಗಳನ್ನು ನೋಡಿದಾಗ ಗದರಿಕೆ ಫಲ ಕೊಟ್ಟಿತು, ಹೊಗಳಿಕೆ ಕೆಡಿಸಿತು ಎಂದು ಅನುಭವವೇ ಹೇಳಿದಂತೆ ತೋರುತ್ತದೆ. ನನ್ನ ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ನಂಬಿದ್ದೆ. ಗದರಿಸಿದ ಮಕ್ಕಳ ಮುಖಗಳು ಇಂದಿಗೂ ನನ್ನನ್ನು ಕಾಡುತ್ತವೆ.

ಈಗ ಮಳೆಗೆ ಮರಳೋಣ. ಸಹಸಂಬಂಧದ ಚರಿತ್ರೆಯಲ್ಲಿ ನಮ್ಮ ಮುಂಗಾರಿಗೆ ದೊಡ್ಡ ಸ್ಥಾನವಿದೆ, ಅದು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲದಿರುವುದು ನನಗೆ ಬೇಸರದ ಸಂಗತಿ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವನ್ನೂ ದಕ್ಷಿಣ ಭಾರತದ ಬಹುಭಾಗವನ್ನೂ ಬರಿದು ಮಾಡಿದ ಬರಗಾಲದ ನಂತರ, ಮಳೆಯನ್ನು ಮೊದಲೇ ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆ ಸರ್ಕಾರದ ಮುಂದೆ ಬಂತು. 1875ರಲ್ಲಿ ಆರಂಭವಾಗಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಬಯಲುನಾಡಿನಲ್ಲಿ ಮಳೆ ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸಿದರು. ಒಂದು ಹೆಚ್ಚಿದರೆ ಇನ್ನೊಂದು ಇಳಿಯುವ ಇಂಥದ್ದೇ ಋಣ ಸಹಸಂಬಂಧ. ಅದರ ಆಧಾರದ ಮೇಲೆ 1886ರಲ್ಲಿ ಇಡೀ ಮುಂಗಾರಿನ ಮೊದಲ ಅಧಿಕೃತ ಮುನ್ಸೂಚನೆ ಹೊರಟಿತು. ಆದರೆ 1899ರಲ್ಲಿ ಒಳ್ಳೆಯ ಮಳೆಯಾಗುತ್ತದೆ ಎಂಬ ಮುನ್ಸೂಚನೆಯ ಬೆನ್ನಿಗೇ ಭೀಕರ ಬರ ಬಂತು.

1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಹವಾಮಾನ ಶಾಸ್ತ್ರಜ್ಞರಾಗಿರಲಿಲ್ಲ; ಕೇಂಬ್ರಿಡ್ಜಿನ ಗಣಿತಜ್ಞರು, ಎಸೆದವನ ಬಳಿಗೇ ಮರಳುವ ಬೂಮರಾಂಗ್‌ನ ಚಲನೆಯ ಬಗ್ಗೆ ಬರೆದು ಹೆಸರಾದವರು. ಮಳೆಯ ಕಾರಣ ಸಿದ್ಧಾಂತದಿಂದ ಸಿಗದಿದ್ದರೆ ಅಂಕಿ ಅಂಶಗಳಿಂದಲೇ ಹುಡುಕೋಣ ಎಂದು ಅವರು, ಜಗತ್ತಿನ ಬೇರೆ ಬೇರೆ ಕಡೆಯ ವಾಯುಭಾರ, ಉಷ್ಣತೆ, ಮಳೆ, ನದಿಗಳ ಪ್ರವಾಹ ಇವೆಲ್ಲವನ್ನೂ ಭಾರತದ ಮಳೆಯೊಂದಿಗೆ ಜೋಡಿಸಿ ಸಹಸಂಬಂಧ ಗುಣಾಂಕಗಳನ್ನು ಲೆಕ್ಕ ಹಾಕಿಸಿದರು. ಗಣಕಯಂತ್ರವಿಲ್ಲದ ಕಾಲ, ಇಲಾಖೆಯ ಭಾರತೀಯ ಗುಮಾಸ್ತರು ಕೈಯಿಂದಲೇ ಗುಣಿಸಿ ಕೂಡಿಸಿದ ಲೆಕ್ಕಗಳು ಅವು. ಆ ಲೆಕ್ಕಗಳಿಂದಲೇ, ಶಾಂತ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಎಂಬ ತಕ್ಕಡಿಯಂಥ ತೂಗಾಟ ಗೋಚರವಾಯಿತು. ವಾಕರ್ ಅದನ್ನು ದಕ್ಷಿಣದ ಆಂದೋಲನ ಎಂದು ಕರೆದರು. ಕಾರಣ ಅವರಿಗೆ ತಿಳಿದಿರಲಿಲ್ಲ. ಸಮುದ್ರದ ನೀರಿನ ಬಿಸಿಗೂ ಗಾಳಿಯ ಈ ತೂಗಾಟಕ್ಕೂ ಇರುವ ನಂಟನ್ನು ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್ನೆಸ್ ವಿವರಿಸಿದ್ದು 1969ರಲ್ಲಿ. ಸಹಸಂಬಂಧವೆಂದರೆ ಕಾರಣವಲ್ಲ ಎಂದು ನಾವು ಕಲಿಸುತ್ತೇವೆ, ಅದು ಸರಿ. ಪಾದ ಉದ್ದವಾದುದರಿಂದ ಮಗು ಎತ್ತರವಾಗುವುದಿಲ್ಲ, ಎರಡನ್ನೂ ಬೆಳವಣಿಗೆಯೇ ನಡೆಸುತ್ತದೆ. ಆದರೆ ಕಾರಣವನ್ನು ಎಲ್ಲಿ ಹುಡುಕಬೇಕೆಂದು ಸಹಸಂಬಂಧ ಕೈಮಾಡಿ ತೋರಿಸಬಲ್ಲದು ಎಂಬುದನ್ನೂ ಇದರೊಂದಿಗೆ ಕಲಿಸಬೇಕು.

ವಾಕರ್ ಅವರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಅವರ ಎಚ್ಚರವನ್ನು. ನೂರಾರು ಗುಣಾಂಕಗಳನ್ನು ಲೆಕ್ಕ ಹಾಕಿ ಅವುಗಳಲ್ಲಿ ದೊಡ್ಡದನ್ನು ಆರಿಸಿಕೊಂಡರೆ, ಅದು ಕೇವಲ ಆಕಸ್ಮಿಕದಿಂದಲೇ ದೊಡ್ಡದಾಗಿರಬಹುದು ಎಂದು ಅವರು 1914ರಲ್ಲೇ ಬರೆದು, ಅಂಥ ಆಕಸ್ಮಿಕ ಎಷ್ಟು ದೊಡ್ಡದಿರಬಲ್ಲದು ಎಂಬುದನ್ನು ಅಳೆಯುವ ದಾರಿಯನ್ನೂ ತೋರಿಸಿದರು.

ಈಗ ಹಲಗೆಯ ಮೇಲೆ ಹೊಸ ನಕ್ಷೆ ಹಾಕೋಣ. ಅಡ್ಡ ಅಕ್ಷದಲ್ಲಿ ಶಾಂತ ಸಾಗರದ ಮಧ್ಯ ಮತ್ತು ಪೂರ್ವ ಭಾಗದ ಸಮಭಾಜಕದ ನೀರು ವಾಡಿಕೆಗಿಂತ ಎಷ್ಟು ಬೆಚ್ಚಗಿದೆ ಎಂಬ ಅಳತೆ. ಬಲಕ್ಕೆ ಹೋದಷ್ಟೂ ಎಲ್ ನಿನ್ಯೊ, ಎಡಕ್ಕೆ ಹೋದಷ್ಟೂ ಲಾ ನಿನ್ಯಾ. ಲಂಬ ಅಕ್ಷದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶದ ಮಳೆ, ದೀರ್ಘಾವಧಿಯ ಸರಾಸರಿಯನ್ನು 100 ಎಂದು ಇಟ್ಟುಕೊಂಡು. ಆ ಸರಾಸರಿ ಸುಮಾರು 87 ಸೆಂಟಿಮೀಟರ್. ಚುಕ್ಕಿಗಳನ್ನು ಇಡುತ್ತ ಹೋಗಿ: 1972, ಬಲಗಡೆ ಕೆಳಗೆ, 76; 1987, ಅಲ್ಲೇ, 81; 1988, ಎಡಗಡೆ ಮೇಲೆ, 119; 2009, ಬಲಗಡೆ, 78; 2015, ಇನ್ನೂ ಬಲಗಡೆ, 86. ಗೆರೆ ಎಡದಿಂದ ಬಲಕ್ಕೆ ಇಳಿಯುತ್ತಿರುವುದು ಬರಿಗಣ್ಣಿಗೇ ಕಾಣುತ್ತದೆ. ಇಷ್ಟನ್ನೇ ನೋಡಿದವರು ಎಲ್ ನಿನ್ಯೊ ಬಂದರೆ ಬರ ಎಂದು ಹೊಸ ಗಾದೆ ಕಟ್ಟಬಹುದು. ಪತ್ರಿಕೆಗಳ ತಲೆಬರಹಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ.

ಈಗ 1997ರ ಚುಕ್ಕಿಯನ್ನು ಇಡಿ. ಕಳೆದ ಶತಮಾನದ ಅತಿ ಬಲವಾದ ಎಲ್ ನಿನ್ಯೊಗಳಲ್ಲಿ ಅದೂ ಒಂದು. ಅಡ್ಡ ಅಕ್ಷದಲ್ಲಿ ಬಲಗಡೆಯ ಅಂಚಿಗೇ ಹೋಗಬೇಕು. ಗೆರೆಯ ಪ್ರಕಾರ ಮಳೆ ತೀರಾ ಕಡಿಮೆಯಾಗಬೇಕಿತ್ತು. ಬಿದ್ದದ್ದು 102. ಚುಕ್ಕಿ ಗೆರೆಯಿಂದ ಬಹಳ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಐದು ವರ್ಷಗಳ ನಂತರ, 2002ರಲ್ಲಿ, ಎಲ್ ನಿನ್ಯೊ ಸಾಧಾರಣವಾಗಿತ್ತು. ಜುಲೈ ತಿಂಗಳಲ್ಲಿ ವಾಡಿಕೆಯ ಅರ್ಧದಷ್ಟು ಮಾತ್ರ ಮಳೆಯಾಗಿ, ಇಡೀ ಮುಂಗಾರು 81ಕ್ಕೆ ನಿಂತಿತು. ಆ ಚುಕ್ಕಿ ಗೆರೆಯಿಂದ ಕೆಳಗೆ. ಇಂಥ ಎರಡು ಚುಕ್ಕಿಗಳನ್ನು ಅಪವಾದವೆಂದು ಬದಿಗಿಡುವುದು ಸುಲಭ. ವಿಜ್ಞಾನ ಮುಂದೆ ಹೋದದ್ದು ಅವುಗಳನ್ನು ಬದಿಗಿಡದೆ ನೋಡಿದ್ದರಿಂದ. ಹಿಂದೂ ಮಹಾಸಾಗರದ ಪಶ್ಚಿಮ ಮತ್ತು ಪೂರ್ವ ತುದಿಗಳ ನಡುವೆಯೂ ಬಿಸಿನೀರಿನ ಒಂದು ತೂಗಾಟವಿದೆ ಎಂಬುದನ್ನು 1999ರಲ್ಲಿ ಎನ್. ಎಚ್. ಸಾಜಿ ಮತ್ತು ಸಂಗಡಿಗರು ವಿವರಿಸಿದರು. 1997ರಲ್ಲಿ ಅದು ಬಲವಾಗಿತ್ತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಶಾಂತ ಸಾಗರದ ಸ್ಥಿತಿಯನ್ನು ಒಂದು ಅಕ್ಷದಲ್ಲಿಯೂ ಹಿಂದೂ ಮಹಾಸಾಗರದ ಸಮಭಾಜಕದ ಮೇಲಿನ ಗಾಳಿಯ ಸ್ಥಿತಿಯನ್ನು ಇನ್ನೊಂದರಲ್ಲಿಯೂ ಇಟ್ಟು ಚುಕ್ಕಿಗಳನ್ನು ಹಾಕಿದರು. ಹೀಗೆ ನೋಡಿದಾಗ ತೀವ್ರ ಬರದ ವರ್ಷಗಳೂ ಅತಿವೃಷ್ಟಿಯ ವರ್ಷಗಳೂ ನಕ್ಷೆಯಲ್ಲಿ ಬೇರೆ ಬೇರೆ ಕಡೆ ಗುಂಪಾಗುತ್ತವೆ. ಒಂದೇ ಅಕ್ಷದಿಂದ ನೋಡಿದಾಗ ಗೆರೆಯಿಂದ ದೂರ ಬಿದ್ದಿದ್ದ ವರ್ಷಗಳು, ನಾವು ಅಳೆಯದೆ ಬಿಟ್ಟಿದ್ದ ಇನ್ನೊಂದು ಪರಿಮಾಣದ ಸುಳಿವನ್ನು ಹಿಡಿದು ಕಾಯುತ್ತಿದ್ದವು.

2002ರ ಕಥೆಯಲ್ಲಿ ಇನ್ನೂ ಒಂದು ಪಾಠವಿದೆ. ವಸಂತ ಗೋವಾರೀಕರ್ ಮತ್ತು ಸಂಗಡಿಗರು ರೂಪಿಸಿದ, ಹದಿನಾರು ಸೂಚಕಗಳುಳ್ಳ ರಿಗ್ರೆಷನ್ ಮಾದರಿಯನ್ನು ಹವಾಮಾನ ಇಲಾಖೆ 1988ರಿಂದ ಬಳಸುತ್ತಿತ್ತು. 2001ರವರೆಗೆ ಅದು ನೆಚ್ಚಿಕೆಗೆ ಯೋಗ್ಯವೆನಿಸಿತ್ತು. 2002ರಲ್ಲಿ ಅದು ಹೇಳಿದ್ದು 101, ಬಂದದ್ದು 81. ಹಿಂತಿರುಗಿ ನೋಡಿದರೆ, 1988ರಿಂದ 2001ರವರೆಗೆ ದೇಶದಲ್ಲಿ ಬರವೇ ಬಂದಿರಲಿಲ್ಲ. ಪ್ರತಿ ವರ್ಷವೂ ವಾಡಿಕೆಯ ಮಳೆ ಎಂದು ಕಣ್ಣುಮುಚ್ಚಿ ಹೇಳಿದ್ದರೂ ಹೆಚ್ಚುಕಡಿಮೆ ನಿಜವಾಗುತ್ತಿತ್ತು. ಕೆಲವೇ ದಶಕಗಳ ಚುಕ್ಕಿಗಳಿಗೆ ಹದಿನಾರು ಸೂಚಕಗಳನ್ನು ಹೊಂದಿಸುವುದರಲ್ಲಿ ಅಪಾಯವಿದೆ. ನಮ್ಮ ಐದು ಮಕ್ಕಳ ಚುಕ್ಕಿಗಳ ಮೂಲಕ ನಾಲ್ಕನೆಯ ಘಾತದ ವಕ್ರ ರೇಖೆಯೊಂದನ್ನು ಎಳೆದರೆ ಅದು ಐದನ್ನೂ ಮುಟ್ಟಿಕೊಂಡು ಹೋಗುತ್ತದೆ, ಉಳಿಕೆ ಸೊನ್ನೆ. ಆದರೆ ಆರನೆಯ ಮಗುವನ್ನು ಕರೆತಂದು ನಿಲ್ಲಿಸಿದರೆ ಆ ರೇಖೆ ಸರಳ ಗೆರೆಗಿಂತ ಹೆಚ್ಚು ತಪ್ಪಬಹುದು. ಗೆರೆಯ ಪರೀಕ್ಷೆ ನಡೆಯಬೇಕಾದದ್ದು ಅದು ಕಂಡಿರದ ಚುಕ್ಕಿಗಳ ಮೇಲೆ. ಹೊಸ ಮಾದರಿಗಳನ್ನು 2003ರಲ್ಲಿ ತಂದಾಗ ಇಲಾಖೆ ಸೂಚಕಗಳ ಸಂಖ್ಯೆಯನ್ನು ಎಂಟು ಮತ್ತು ಹತ್ತಕ್ಕೆ ಇಳಿಸಿತು.

ಚುಕ್ಕಿಗಳನ್ನು ಕೈಬಿಟ್ಟದ್ದರಿಂದ ಪ್ರಾಣಹಾನಿಯಾದದ್ದೂ ಇದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಹಾರಿದ ಸ್ವಲ್ಪ ಹೊತ್ತಿನಲ್ಲಿಯೇ ಒಡೆದು ಏಳು ಮಂದಿ ಸತ್ತರು. ಚಳಿಯಲ್ಲಿ ರಾಕೆಟ್ಟಿನ ಕೀಲುಗಳ ರಬ್ಬರ್ ಉಂಗುರಗಳು ಕೆಡುತ್ತವೆಯೇ ಎಂಬ ಚರ್ಚೆ ಹಿಂದಿನ ರಾತ್ರಿಯೇ ನಡೆದಿತ್ತು. ಆಗ ನೋಡಿದ್ದು ಉಂಗುರಕ್ಕೆ ಹಾನಿಯಾಗಿದ್ದ ಹಾರಾಟಗಳನ್ನು ಮಾತ್ರ. ಅವು ಚಳಿಯಲ್ಲೂ ಇದ್ದವು, ಬೆಚ್ಚಗಿದ್ದಾಗಲೂ ಇದ್ದವು, ಸಂಬಂಧ ಸ್ಪಷ್ಟವಾಗಲಿಲ್ಲ. ಹಾನಿಯಾಗದ ಹಾರಾಟಗಳನ್ನೂ ತನಿಖಾ ಆಯೋಗ ನಕ್ಷೆಯಲ್ಲಿ ಸೇರಿಸಿ ನೋಡಿದಾಗ, ಸುಮಾರು 19 ಡಿಗ್ರಿ ಸೆಲ್ಸಿಯಸ್ ಮತ್ತು ಅದಕ್ಕಿಂತ ಬೆಚ್ಚಗಿದ್ದ ಇಪ್ಪತ್ತು ಹಾರಾಟಗಳಲ್ಲಿ ಮೂರಕ್ಕೆ ಮಾತ್ರ ಹಾನಿ, 17 ಡಿಗ್ರಿ ಮತ್ತು ಅದಕ್ಕಿಂತ ತಂಪಾಗಿದ್ದ ನಾಲ್ಕಕ್ಕೆ ನಾಲ್ಕಕ್ಕೂ ಹಾನಿ ಎಂಬುದು ಹಗಲಿನಷ್ಟು ನಿಚ್ಚಳವಾಯಿತು. ಏನೂ ಆಗದ ದಿನಗಳ ಚುಕ್ಕಿಗಳೂ ಚುಕ್ಕಿಗಳೇ.

ಕೆಲವೇ ಚುಕ್ಕಿಗಳಿಂದ ಎಳೆದ ಗೆರೆಯನ್ನು ಎಷ್ಟು ನಂಬಬಹುದು ಎಂಬುದು ಪ್ರತ್ಯೇಕ ಉಪನ್ಯಾಸದ ವಿಷಯ. ಆದರೆ ಇರುವ ಮಾಹಿತಿಯಿಂದ ಒಂದು ಪರಿಮಾಣವನ್ನು ಗರಿಷ್ಠ ಎಷ್ಟು ನಿಖರವಾಗಿ ಅಂದಾಜು ಮಾಡಬಹುದು ಎಂಬುದಕ್ಕೆ ಒಂದು ಎಲ್ಲೆಯಿದೆ ಎಂದು 1945ರಲ್ಲಿ ತೋರಿಸಿದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ ಎಂಬುದನ್ನು ಆ ಭಾಗದ ಮಕ್ಕಳಿಗೆ ದಯವಿಟ್ಟು ಹೇಳಿ.

ಉಪನ್ಯಾಸ ಮುಗಿದ ಮೇಲೆ ಶಿಕ್ಷಕಿಯೊಬ್ಬರು ಎದ್ದು, "ಸರ್, ರೋಹಿಣಿ ಮಳೆಯ ಗಾದೆಯನ್ನು ನಮ್ಮ ಮಕ್ಕಳ ಕೈಯಲ್ಲಿ ಪರೀಕ್ಷಿಸಬೇಕೆಂದರೆ ಎಷ್ಟು ವರ್ಷಗಳ ಲೆಕ್ಕ ಬೇಕು?" ಎಂದು ಕೇಳಿದರು. ನಾನು ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಹತ್ತು ವರ್ಷಗಳ ಚುಕ್ಕಿಗಳಿದ್ದರೆ, ನಿಜವಾಗಿ ಯಾವ ಸಂಬಂಧವೂ ಇಲ್ಲದಿದ್ದರೂ ಇಪ್ಪತ್ತರಲ್ಲಿ ಒಂದು ಸಲ ಗುಣಾಂಕ 0.63ನ್ನು ಆ ಕಡೆಗೋ ಈ ಕಡೆಗೋ ದಾಟಿಬಿಡುತ್ತದೆ. ಮೂವತ್ತು ವರ್ಷಗಳಿದ್ದರೆ ಆ ಗಡಿ 0.36ಕ್ಕೆ ಇಳಿಯುತ್ತದೆ, ನೂರು ವರ್ಷಗಳಿದ್ದರೆ 0.2ಕ್ಕೆ. ಆದ್ದರಿಂದ ಮೂವತ್ತು ವರ್ಷಗಳಾದರೂ ಬೇಕು. ಅಶ್ವಿನಿಯಿಂದ ಹಿಡಿದು ಎಲ್ಲ ನಕ್ಷತ್ರಗಳ ಗಾದೆಗಳನ್ನೂ ಪರೀಕ್ಷಿಸಲು ಹೊರಟರೆ ವಾಕರ್ ಅವರ ಎಚ್ಚರಿಕೆಯನ್ನು ನೆನೆಯಿರಿ: ಇಪ್ಪತ್ತು ಗಾದೆಗಳಲ್ಲಿ ಒಂದು, ನಿಜವಿಲ್ಲದಿದ್ದರೂ ಪಾಸಾಗುತ್ತದೆ. ಮೊದಲ ಹದಿನೈದು ವರ್ಷಗಳಲ್ಲಿ ಪಾಸಾದದ್ದನ್ನು ನಂತರದ ಹದಿನೈದು ವರ್ಷಗಳಲ್ಲಿ ಮತ್ತೆ ಪರೀಕ್ಷಿಸಿ. ಮಳೆಯ ಲೆಕ್ಕವನ್ನು ಇಡೀ ಜಿಲ್ಲೆಯ ಸರಾಸರಿಯಿಂದ ತೆಗೆದುಕೊಳ್ಳಬೇಡಿ, ಹತ್ತಿರದ ಮಳೆಮಾಪಕದಿಂದ ತೆಗೆದುಕೊಳ್ಳಿ. ರೋಹಿಣಿ ಮಳೆ ಒಂದು ಊರಿಗೆ ಬಂದು ಪಕ್ಕದ ಊರನ್ನು ಬಿಡುವಂಥದ್ದು.

ಇನ್ನೆರಡು ವಿಷಯಗಳನ್ನು ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರಲಿ ಎಂದೆ. ಒಂದು, ಗಾದೆಯ ಜೋಳ ಮುಂಗಾರಿ ಜೋಳವೋ ಹಿಂಗಾರಿ ಜೋಳವೋ. ಹಿಂಗಾರಿಯ ಬಿತ್ತನೆ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಆಗುವುದರಿಂದ ಅದರ ಚುಕ್ಕಿಗಳನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಇಡಬೇಕು. ಎರಡು, ಅವರ ಹೊಲಕ್ಕೆ ಹೈಬ್ರಿಡ್ ಬೀಜ ಯಾವ ವರ್ಷ ಬಂತು. ದೇಶದ ಮೊದಲ ಹೈಬ್ರಿಡ್ ಜೋಳ ಬಿಡುಗಡೆಯಾದದ್ದು 1964ರಲ್ಲಿ, ಅಲ್ಲಿಂದಾಚೆಗೆ ಅದೇ ಮಳೆಗೆ ಇಳುವರಿ ಬೇರೆ. ಪ್ರತಿ ಚುಕ್ಕಿಯ ಪಕ್ಕದಲ್ಲಿ ಅದರ ವರ್ಷವನ್ನು ಚಿಕ್ಕದಾಗಿ ಬರೆಸಿ. ಗೆರೆಯನ್ನು ಆಮೇಲೆ ಎಳೆಯಲಿ, ಎಳೆದ ಮೇಲೂ ಆ ವರ್ಷಗಳನ್ನು ಒರೆಸದಿರಲಿ.